ಈಜುಕೊಳದ ತಳದಲ್ಲಿ ಅವ್ವ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಬಿ.ಎಸ್ಸಿ. ಪಾಸಾದ ದಿನ ಅವ್ವ ಗೊರೇಬಾಳದ ನಮ್ಮ ಓಣಿಯ ಮನೆಮನೆಗೆ ಸಕ್ಕರೆ ಹಂಚಿದ್ದಳು. ಅದೇ ವರ್ಷ ಸಿಂಧನೂರಿನಲ್ಲಿ, ಲಿಂಗಸುಗೂರು ರಸ್ತೆಯಲ್ಲಿ ಹೊಸದಾಗಿ ಕಟ್ಟಿದ ಈಜುಕೊಳ ನೋಡಿಕೊಳ್ಳುವ ಕೆಲಸ ಸಿಕ್ಕಿತು.

ನೀರು ಬಿಡುವ ಮೊದಲು, ಕೊಳಕ್ಕೆ ಎಷ್ಟು ಲೀಟರ್ ಹಿಡಿಯುತ್ತದೆ ಎಂದು ಕೊಳ ಕಟ್ಟಿಸಿದ ಧಣಿ ಕೇಳಿದರು. ಆ ಲೆಕ್ಕದ ಮೇಲೆಯೇ ಕ್ಲೋರಿನ್. ಹೆಚ್ಚಾದರೆ ಮಕ್ಕಳ ಕಣ್ಣು ಉರಿಯುತ್ತವೆ. ನಾನು ಟೇಪು ಹಿಡಿದೆ. ಉದ್ದ ಇಪ್ಪತ್ತು ಮೀಟರ್, ಅಗಲ ಹತ್ತು, ಆಳ ಎರಡು. ನಾಲ್ಕು ಲಕ್ಷ ಲೀಟರ್ ಎಂದು ಚೀಟಿ ಬರೆದುಕೊಟ್ಟೆ. ಓದಿದವರು ಇದ್ದರೆ ಹಿಂಗ ಎಂದು ಧಣಿ ನಾಲ್ಕು ಮಂದಿಯೆದುರು ಹೊಗಳಿದರು. ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಮರುದಿನ ಕೊಳ ನೋಡಲು ಅವ್ವ ಬಂದಳು. ಚಪ್ಪಲಿ ಬಿಟ್ಟು ಖಾಲಿ ಕೊಳಕ್ಕೆ ಇಳಿದು, ಈ ತುದಿಯಿಂದ ಆ ತುದಿಗೆ ನಡೆದಳು. ನಾನು ದಂಡೆಯ ಮೇಲೆ ನಿಂತು ನನ್ನ ಲೆಕ್ಕ ಒಪ್ಪಿಸುತ್ತಿದ್ದೆ. ತಳದ ಇಳಿಜಾರು ಅವಳ ಕಾಲಿಗೆ ತಿಳಿಯಿತು.

"ಯಪ್ಪಾ, ಅಲ್ಲಿ ದಂಡಿ ನನ್ನ ನಡಕ್ಕ ಬರತಿತ್ತು. ಇಲ್ಲಿ ಕೈ ಎತ್ತಿದ್ರೂ ಸಿಗವಲ್ದು. ನೀ ಎಲ್ಲಾ ಕಡಿ ಒಂದ ಆಳ ಹೆಂಗ ಹಿಡದಿ? ಸಾಕ್ಷಿ ಮ್ಯಾಲ ಕುಂತು ಮಗ್ಗಿ ಕಲ್ತಾಂವ ನೀ."

ಅವ್ವ ಕಾಲುವೆ ಕೆಲಸದಲ್ಲಿ ಮಣ್ಣು ಹೊತ್ತವಳು. ಎಷ್ಟು ಅಗೆದರೆಂದು ಗೊತ್ತಾಗಲು ಗುಂಡಿಯಲ್ಲಿ ಅಲ್ಲಲ್ಲಿ ಒಂದೊಂದು ಗುಡ್ಡೆ ಅಗೆಯದೆ ಬಿಡುತ್ತಿದ್ದರು. ಅದೇ ಸಾಕ್ಷಿ; ಅದರ ಎತ್ತರವೇ ಗುಂಡಿಯ ಆಳ. ಸೂಟಿಯ ದಿನಗಳಲ್ಲಿ ಅದರ ಮೇಲೆ ಕೂತು ನಾನು ಮಗ್ಗಿ ಒದರುತ್ತಿದ್ದೆ. ಕೆಳಗೆ ಅವಳು ಬುಟ್ಟಿ ಹೊರುತ್ತಲೇ, ತಪ್ಪಿದರೆ ತಿದ್ದುತ್ತಿದ್ದಳು. ಆಳದ ಕಡೆಯ ಸಾಕ್ಷಿ, ಆಳ ಕಡಿಮೆಯಿದ್ದ ಕಡೆಯ ಸಾಕ್ಷಿ ಎರಡನ್ನೂ ಅಳೆದು, ಕೂಡಿಸಿ, ಅರ್ಧ ಮಾಡುವುದು ಅವರ ಲೆಕ್ಕ.

ಮೊದಲು ಆಳದ ತುದಿಯಲ್ಲಷ್ಟೇ ಟೇಪು ಇಳಿಬಿಟ್ಟಿದ್ದ ನಾನು ಈಗ ಎರಡೂ ತುದಿ ಅಳೆದೆ. ಆ ತುದಿಯಲ್ಲಿ ಒಂದು ಮೀಟರ್, ಈ ತುದಿಯಲ್ಲಿ ಎರಡು. ಅರ್ಧ ಮಾಡಿದರೆ ಒಂದೂವರೆ. ನೀರು ಮೂರೇ ಲಕ್ಷ.

ಚೀಟಿ ಧಣಿಯ ಮೇಜಿನ ಮೇಲಿತ್ತು. ಸುಮ್ಮನೆ ಕ್ಲೋರಿನ್ ಕಡಿಮೆ ಹಾಕಿಬಿಡೋಣ, ಮರ್ಯಾದೆ ಉಳಿಯುತ್ತದೆ ಅಂದುಕೊಂಡೆ. ಆದರೆ ನಾನು ಇಲ್ಲದ ದಿನ ಬೇರೆ ಯಾರಾದರೂ ಅದೇ ಚೀಟಿ ನೋಡಿ ಹಾಕಿದರೆ? ಹೋಗಿ ಹೇಳಿದೆ. ತಪ್ಪು ಹಿಡಿದವರು ಯಾರೆಂಬುದನ್ನೂ ಹೇಳಿದೆ.

ಧಣಿ ಕನ್ನಡಕದ ಮೇಲಿಂದ ನೋಡಿದರು. "ಅಲ್ಲಪ್ಪಾ, ಡಿಗ್ರಿ ನಿಂದೋ, ನಿಮ್ಮವ್ವಂದೋ?"

"ಡಿಗ್ರಿ ನಂದರೀ. ಲೆಕ್ಕ ಅವ್ವಂದು."

ಈಗ ನಾನು ಮಸ್ಕಿಯಲ್ಲಿ ಗಣಿತ ಹೇಳುವ ಮೇಷ್ಟ್ರು. ಸಿಂಧನೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಆ ಕೊಳದ ಗೋಡೆ ಕಾಣುತ್ತದೆ. ಒಳಗೆ ನೀರು ತುಂಬಿರುತ್ತದೆ, ಗೊತ್ತು. ನನಗೆ ಮಾತ್ರ ಕಾಣುವುದು ಒಣ ನೀಲಿ ತಳದಲ್ಲಿ ಕೈ ಎತ್ತಿ ನಿಂತ ಅವ್ವ.