ಹನ್ನೊಂದು ತೆಗೆದರೆ ಉಳಿಯುವ ಬಳೆ

ಗುಬ್ಬಿಯಲ್ಲಿ ಅಪ್ಪನದು ಬಳೆ ಅಂಗಡಿ. ಗಾಜಿನ ಬಳೆಯ ಎಣಿಕೆ ಡಜನ್ನಿನಲ್ಲಿ. ಹನ್ನೆರಡು ಡಜನ್ ಸೇರಿದರೆ ಒಂದು ಗ್ರೋಸ್. ಮೂರು ಗ್ರೋಸ್, ನಾಲ್ಕು ಡಜನ್, ಬಿಡಿ ಆರು ಇದ್ದರೆ ಅಪ್ಪ ರಟ್ಟಿನ ಮೇಲೆ 346 ಎಂದು ಬರೆಯುತ್ತಿದ್ದ. ಓದುವವರಿಗೆ ಅದು ಮುನ್ನೂರ ನಲವತ್ತಾರು. ನಮಗೆ ನಾನೂರ ಎಂಬತ್ತಾರು.

ನಾನು ಮೊದಲು ಕಲಿತ ಲೆಕ್ಕ ಅದೇ. ಮೂರನೇ ಕ್ಲಾಸಿನಲ್ಲಿ ಇಪ್ಪತ್ತೇಳಕ್ಕೆ ಹದಿನೆಂಟು ಕೂಡಿಸು ಎಂದರೆ ನಲವತ್ತಮೂರು ಬರೆದೆ. ಏಳು, ಎಂಟು ಸೇರಿ ಒಂದು ಡಜನ್, ಬಿಡಿ ಮೂರು. ಮೂರು ಬರೆದೆ, ಒಂದು ಡಜನ್ ಪಕ್ಕಕ್ಕೆ ಸೇರಿಸಿದೆ. ಮೇಷ್ಟ್ರು ಸ್ಲೇಟನ್ನು ಎತ್ತಿ ಎಲ್ಲರಿಗೂ ತೋರಿಸಿದರು.

"ಯಾರೇ ಹೇಳ್ಕೊಟ್ಟಿದ್ದು ಇದನ್ನ?"

"ನಮ್ಮಪ್ಪ, ಸಾ."

"ಹಂಗಾರೆ ಅಂಗ್ಡೀಲೇ ಕೂತ್ಕೋ ಹೋಗು. ಇಲ್ಲಿಗ್ಯಾಕ್ ಬಂದೆ?"

ಇಡೀ ಕ್ಲಾಸು ನಕ್ಕಿತು. ಆ ನಗೆಗೆ ಉತ್ತರ ಕೊಡಬೇಕೆಂದೇ ಓದಿದೆ. ದಿನಾ ತುಮಕೂರಿಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಗಣಿತದಲ್ಲಿ ಎಂಎಸ್ಸಿ ಮುಗಿಸಿದೆ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಎಸ್ಸೆಸ್ಸೆಲ್ಸಿ ದಾಟಿದವರಿಲ್ಲ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಕುಣಿಗಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಕೆಲಸ ಖಾಲಿಯಿತ್ತು. ಸಂದರ್ಶನದ ದಿನ ಒಂದು ಪಾಠ ಮಾಡಿ ತೋರಿಸಬೇಕು. ನಾನು ಬೋರ್ಡಿನ ಮೇಲೆ 346 ಬರೆದೆ. "ಇದು ಹನ್ನೆರಡರ ಆಧಾರದ ಸಂಖ್ಯೆ. ಹನ್ನೊಂದರಿಂದ ಭಾಗಿಸಿದರೆ ಎಷ್ಟು ಉಳಿಯುತ್ತೆ? ಭಾಗಿಸೋದೇ ಬೇಡ. ಅಂಕಿ ಕೂಡಿಸಿ: ಹದಿಮೂರು. ಹನ್ನೊಂದು ಕಳೆಯಿರಿ. ಎರಡು."

ಇದು ಅಪ್ಪನ ಲೆಕ್ಕ. ಸೀಮಂತಕ್ಕೆಂದು ಕೊಳ್ಳಲು ಬಂದವರು ಕೈಗೆ ಹನ್ನೊಂದು ಬಳೆ ಕೇಳುತ್ತಿದ್ದರು. ಡಜನ್ನಿನಿಂದ ಹನ್ನೊಂದು ತೆಗೆದರೆ ಒಂದು ಉಳಿಯುತ್ತದೆ. ಒಂದು ಗ್ರೋಸಿನಲ್ಲಿ ಹಾಗೆ ಹನ್ನೆರಡು ಉಳಿಯುತ್ತವೆ. ಅದರಲ್ಲಿ ಹನ್ನೊಂದು ಇನ್ನೊಂದು ಕೈಗೆ ಹೋದರೆ, ಕೊನೆಗೆ ಉಳಿಯುವುದು ಒಂದೇ. ಹಾಗಾಗಿ ಗ್ರೋಸಿಗೊಂದು, ಡಜನ್ನಿಗೊಂದು, ಮೇಲೆ ಬಿಡಿ. ಎಷ್ಟು ಉಳಿಯುತ್ತದೆಂದು ಅಪ್ಪ ಬಳೆ ಮುಟ್ಟದೆ, ರಟ್ಟು ನೋಡಿಯೇ ಹೇಳುತ್ತಿದ್ದ.

ಪ್ರಿನ್ಸಿಪಾಲರು ಕನ್ನಡಕ ತೆಗೆದರು. "ಚೆನ್ನಾಗಿದೆ ಕಣಮ್ಮ. ಎಲ್ಲಿ ಕಲಿತದ್ದು?"

ಮೇಷ್ಟ್ರು ಎತ್ತಿ ಹಿಡಿದಿದ್ದ ಸ್ಲೇಟು ಕಣ್ಣೆದುರು ಬಂತು.

"ಒಂದು ಫಾರಿನ್ ಪುಸ್ತಕದಲ್ಲಿ ಸರ್."

ಎಲ್ಲರೂ ತಲೆಯಾಡಿಸಿದರು. ಕೆಲಸ ಸಿಕ್ಕಿತು.

ಸಂಜೆ ಅಂಗಡಿಯಲ್ಲಿ ವಿಷಯ ಹೇಳಿದೆ. ಅಪ್ಪ ಕೈಲಿದ್ದ ಬಳೆ ಕೆಳಗಿಟ್ಟ.

"ಯಾವ್ ಪಾಠ ಮಾಡ್ದವ್ವ?"

"ನಿನ್ ಬಳೆ ಲೆಕ್ಕಾನೇ."

"ಏ, ಬುಡು, ತಮಾಸೆ ಮಾಡ್ಬ್ಯಾಡ." ಮುಖವೆಲ್ಲ ಅರಳಿತ್ತು. "ನಂದು ಅಂತ ಹೇಳ್ದಾ?"

"ಹೇಳ್ದೆ."

ಪಕ್ಕದ ಹೂವಿನಂಗಡಿಯಾಕೆಗೆ ಕೂಗಿ ಹೇಳಿದ: "ಕೇಳ್ದೇನಮ್ಮೋ? ಕಾಲೇಜ್ನಲ್ಲಿ ನನ್ ಲೆಕ್ಕ ಪಾಠ ಆಗೈತೆ!"

"ಹಂಗಾರೆ ಇನ್ಮ್ಯಾಕೆ ನಿನ್ನ ಸಾ ಅನ್ಬೇಕಾ?" ಎಂದಳು ಅವಳು.

ಕೆಲಸಕ್ಕೆ ಸೇರಿ ತಿಂಗಳಾಗಿರಲಿಲ್ಲ. ಒಂದು ಬೆಳಿಗ್ಗೆ ಅಪ್ಪ ಇಸ್ತ್ರಿ ಶರಟು ಹಾಕಿಕೊಂಡು ನಿಂತಿದ್ದ.

"ಇವತ್ತು ನಾನೂ ಬತ್ತೀನಿ ಕಣವ್ವ. ಹಿಂದ್ಗಡೆ ಬೆಂಚ್ನಾಗೆ ಕೂತ್ಕತೀನಿ. ಆ ಪಾಠ ಒಂದ್ ಕಿತ ಕೇಳ್ಬೇಕು."

ನಾನು ಚಪ್ಪಲಿ ಹಾಕಿಕೊಳ್ಳುತ್ತಾ, ತಲೆಯೆತ್ತದೆ ಹೇಳಿದೆ:

"ಹೊರಗಿನೋರನ್ನ ಒಳಗೆ ಬಿಡಲ್ಲಪ್ಪ."

"ಹೌದಾ? ದೊಡ್ ಕಾಲೇಜಲ್ವಾ, ಸರಿ ಸರಿ," ಎಂದ. ಶರಟು ಬಿಚ್ಚಿ ಮಡಿಸತೊಡಗಿದ. ನಾನು ಬಸ್ಸಿಗೆ ಹೊರಟೆ.