ಕ್ಲಚ್ಚಿನ ಮೇಲಿಟ್ಟ ಕಾಲು

ನಮ್ಮ ಹಳೆಯ ಕಾರಿನಲ್ಲಿ ಡ್ರೈವರ್ ಸೀಟಿನ ಮುಂದಿನ ಮ್ಯಾಟ್ ಒದ್ದೆಯಾಗಿ ಚಪ್ಪಲಿ ಜಾರಿದಾಗ ನನಗೆ ಮೊದಲು ನೆನಪಾದದ್ದು ಉಪ್ಪಿನಕಾಯಿ. ಧಾರವಾಡದಿಂದ ಬರುವಾಗ ಹೆಂಡತಿ ಪದ್ಮಾ ಡಿಕ್ಕಿಯಲ್ಲಿ ಒಂದು ಭರಣಿ ಇಟ್ಟಿದ್ದಳು. ಡಿಕ್ಕಿಯ ಎಣ್ಣೆ ನನ್ನ ಎಡಗಾಲಿನ ತನಕ ಹೇಗೆ ಬಂತು ಎಂದು ನೀವು ಕೇಳಬಹುದು. ಘಾಟ್ ಇಳಿಯುವಾಗ ಮುಂದಕ್ಕೆ ಹರಿದಿರಬೇಕು ಎಂಬ ಉತ್ತರ ನನ್ನಲ್ಲಿ ತಯಾರಿತ್ತು. ತಪ್ಪು ಹೆಂಡತಿಯದೆಂದು ಮೊದಲೇ ತೀರ್ಮಾನವಾಗಿದ್ದರೆ ಭೌತಶಾಸ್ತ್ರ ಗಂಡನಿಗೆ ಅಡ್ಡ ಬರುವುದಿಲ್ಲ.

ಪದ್ಮಾ ಬೆರಳು ತಾಗಿಸಿ ಮೂಸಿ ನೋಡಿದಳು. "ಉಪ್ಪಿನಕಾಯಿ ಎಣ್ಣಿ ಹಿಂಗ ನಾರತದೇನ್ರೀ? ಗಾಡೀದ ಏನೋ ಸೋರಲಿಕ್ಕತ್ತದ."

ಆ ಹೊತ್ತಿಗೆ ಕ್ಲಚ್ ಪೆಡಲ್ ಮೆತ್ತಗಾಗಿ ಒಂದು ತಿಂಗಳಾಗಿತ್ತು. ಅದನ್ನು ನಾನು ರೋಗವೆಂದು ತಿಳಿದಿರಲಿಲ್ಲ, ಬಹುಮಾನವೆಂದು ತಿಳಿದಿದ್ದೆ. ಕಾಂದಿವಲಿಯಿಂದ ಹೈವೇ ಹಿಡಿದು ಹೋಗುವವನ ಎಡ ಮೊಣಕಾಲು ಏನಾಗುತ್ತದೆಂದು ಮುಂಬಯಿಯವರಿಗೆ ಬೇರೆ ಹೇಳಬೇಕಿಲ್ಲ. ಮುಟ್ಟಿದರೆ ಸಾಕು, ಪೆಡಲ್ ಬೆಣ್ಣೆಯ ಹಾಗೆ ಒಳಗೆ ಹೋಗುತ್ತಿತ್ತು. "ಇಷ್ಟು ವರ್ಷಕ್ಕೆ ಗಾಡಿ ನನ್ನ ಕಾಲಿನ ಹದಕ್ಕೆ ಬಂದದ" ಎಂದು ಮಾಟುಂಗದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಗೆಳೆಯರ ಮುಂದೆ ಜಂಬ ಕೊಚ್ಚಿಕೊಂಡದ್ದೂ ಉಂಟು. ಮಾರನೆಯ ದಿನವೇ ಸಿಗ್ನಲ್ಲಿನಲ್ಲಿ ಗೇರ್ ಬೀಳಲಿಲ್ಲ. ಹಿಂದಿನ ರಿಕ್ಷಾದವನು ನನ್ನ ವಂಶವನ್ನೆಲ್ಲ ಮರಾಠಿಯಲ್ಲಿ ಸ್ಮರಿಸಿದ.

ಹನ್ನೊಂದು ವರ್ಷದ ಹಿಂದೆಯೂ ಹೀಗೇ ಆಗಿತ್ತು. ಆಗ ಈ ಕಾರು ಓಡಿಸುತ್ತಿದ್ದವರು ಇಬ್ಬರು. ನಲವತ್ತರ ಹತ್ತಿರ ಬಂದು ಡ್ರೈವಿಂಗ್ ಕಲಿತ ಪದ್ಮಾ, ಪ್ರತಿ ಶನಿವಾರ ಬಿಲ್ಡಿಂಗಿನ ಮೂವರು ಹೆಂಗಸರನ್ನು ಕೂರಿಸಿಕೊಂಡು ಮಾಟುಂಗದ ಭಜನಾ ಮಂಡಳಿಗೆ ಹೋಗುತ್ತಿದ್ದಳು. ಬರುವಾಗ ನಾಲ್ವರೂ ಕಾರಿನಲ್ಲೇ ಹಾಡುತ್ತಿದ್ದರು. ಗೇಟಿಗೆ ಬರುವ ಮೊದಲೇ ಮನೆಯಲ್ಲಿದ್ದ ನನಗೆ ಕೇಳುತ್ತಿತ್ತು. ಅಷ್ಟು ಖುಷಿಯಾಗಿ ಅವಳನ್ನು ನಾನು ಬೇರೆ ಕಡೆ ಕಂಡಿಲ್ಲ. ನಾನು ಪಕ್ಕದಲ್ಲಿ ಕೂತ ದಿನ ಮಾತ್ರ ಹಾಡು ಇರುತ್ತಿರಲಿಲ್ಲ. "ಕ್ಲಚ್ಚಿನ ಮ್ಯಾಲಿಂದ ಕಾಲು ತಗಿ! ತಗಿ ಕಾಲು!" ಎಂಬ ನನ್ನ ಏಕವ್ಯಕ್ತಿ ಗಾಯನವಿರುತ್ತಿತ್ತು.

ಆಗ ಪೆಡಲ್ ಮೆತ್ತಗಾಯಿತು. ಯಾರ ಕಾಲಿನ ಪ್ರತಾಪವೆಂದು ನಾನು ಒಂದೇ ಕ್ಷಣದಲ್ಲಿ ತೀರ್ಪು ಕೊಟ್ಟೆ. ರಿಪೇರಿ ಮಾಡಿಸಿಕೊಂಡು ಬಂದು, "ಇನ್ನು ಈ ಕ್ಲಚ್ಚಿಗೆ ಒಂದೇ ಕಾಲು ಸಾಕು" ಎಂದೆ. ಪದ್ಮಾ ಕಾರಿನ ಕೀಲಿಯನ್ನು ಗೋಡೆಯ ಮೊಳೆಗೆ ನೇತುಹಾಕಿದಳು. ಮುಂದಿನ ಶನಿವಾರದಿಂದ ಲೋಕಲ್ ರೈಲು ಹಿಡಿದಳು.

ಈ ಸಲ, ಕಳೆದ ತಿಂಗಳು, ಇಬ್ಬರೂ ಜೋಗೇಶ್ವರಿಯ ಗ್ಯಾರೇಜಿಗೆ ಹೋದೆವು. ಕಾಂದಿವಲಿಯಲ್ಲಿ ಹೆಜ್ಜೆಗೊಂದು ಗ್ಯಾರೇಜಿದೆ. ಆದರೂ ಕನ್ನಡದಲ್ಲಿ ಬೈಸಿಕೊಳ್ಳುವ ಸುಖಕ್ಕಾಗಿ ನಾನು ಅಲ್ಲಿನ ಮೆಕ್ಯಾನಿಕ್, ವಿಜಯಪುರ ಮೂಲದ ಮೌಲಾಸಾಬರನ್ನು ಬಿಟ್ಟಿಲ್ಲ. ಅವರು ಪೆಡಲನ್ನು ಹತ್ತು ಸಲ ಒತ್ತಿದರು, ಗಟ್ಟಿಯಾಯಿತು. ಒತ್ತಿಯೇ ಹಿಡಿದರು, ಮೆಲ್ಲಗೆ ಕೆಳಗಿಳಿಯಿತು. ಬಾನೆಟ್ ಎತ್ತಿ ನೋಡಿದರೆ ಕ್ಲಚ್ಚಿನ ಆಯಿಲ್ ಡಬ್ಬಿ ಅರ್ಧ ಖಾಲಿ. ಆಮೇಲೆ ಪೆಡಲಿನ ಮೇಲ್ಭಾಗಕ್ಕೆ ಕೈ ಹಾಕಿ, ಒದ್ದೆ ಬೆರಳು ತೋರಿಸಿದರು.

"ಕ್ಲಚ್ ಸಿಲಿಂಡರಿನ ರಬ್ಬರ್ ಹೋಗೇತ್ರಿ. ಆಯಿಲ್ ಸೋರತೈತಿ, ಹವಾ ತಗೋತೈತಿ, ಪೆಡಲ್ ಮೆತ್ತಗ."

"ಕಾಲು ಇಟ್ಟು ಇಟ್ಟು ಹಿಂಗ ಆಗತದೇನು?" ಪದ್ಮಾ ಕೇಳಿದಳು. ಅವಳು ಕೇಳದಿದ್ದರೆ ಸಾಕು ಎಂದು ನಾನು ಅಂದುಕೊಂಡಿದ್ದ ಪ್ರಶ್ನೆ ಅದು.

"ಛೇ ಛೇ, ಅಕ್ಕಾರ! ಕಾಲು ಇಟ್ರ ಕ್ಲಚ್ ಪ್ಲೇಟ್ ಸವೀತೈತಿ. ಇಂಜಿನ್ ಬರೇ ಒದರತೈತಿ, ಗಾಡಿ ಎಳಿಯಂಗಿಲ್ಲ. ರಬ್ಬರಿಗೆ ವಯಸ್ಸಾದ್ರ ಯಾರ ಕಾಲು ಏನ್ ಮಾಡೀತು? ಹೋದ ಸಲಾನೂ ಇದ ಆಗಿತ್ತಲ್ಲ ಸಾಹೇಬ್ರ! ಹಳೇ ರಬ್ಬರ್ ಕಾಗದದಾಗ ಸುತ್ತಿ ನಿಮ್ಮ ಕೈಯಾಗ ಕೊಟ್ಟಿದ್ನೆಲ್ಲ?"

ಕೊಟ್ಟಿದ್ದರು. ಬದಲಾಯಿಸಿದ ಸಾಮಾನನ್ನು ಗಿರಾಕಿಯ ಕೈಗೇ ಕೊಡುವುದು ಅವರ ಪದ್ಧತಿ. ನಾನು ಅದನ್ನು ದಾರಿಯಲ್ಲೇ ಕಿಟಕಿಯಿಂದ ಎಸೆದಿದ್ದೆ. ತಪ್ಪು ಪದ್ಮಾಳ ಕಾಲಿನದಲ್ಲವೆಂದು ಎಸೆಯುವಾಗಲೇ ನನಗೆ ಗೊತ್ತಿತ್ತು. ಬೆರಳ ಗಾತ್ರದ ಒಂದು ರಬ್ಬರ್ ಮನೆಗೆ ಬಂದಿದ್ದರೆ ಕಾರು ಮತ್ತೆ ಇಬ್ಬರದಾಗುತ್ತಿತ್ತು, ಅಷ್ಟೇ. ಸುಳ್ಳು ಹೇಳಲಿಲ್ಲ ಎಂದು ಇಷ್ಟು ವರ್ಷ ಹೆಮ್ಮೆಯಿಂದಿದ್ದೆ. ಬಾಯಿ ಮುಚ್ಚಿಕೊಂಡವನು ಸುಳ್ಳು ಹೇಳುವುದಾದರೂ ಹೇಗೆ?

ಈ ಸಲ ಮೌಲಾಸಾಬರು ಹಳೆಯ ರಬ್ಬರನ್ನು ನನಗೆ ಕೊಡಲಿಲ್ಲ. ಪದ್ಮಾ ಕೈ ಚಾಚಿ ನಿಂತಿದ್ದಳು. ಅಂಗೈಯಲ್ಲಿ ಅದನ್ನು ಹೊರಳಿಸಿ ಹೊರಳಿಸಿ ನೋಡಿದಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು. "ಸಾರಿ" ಎಂದೆ.

"ಹನ್ನೊಂದು ವರ್ಷ ಲೋಕಲ್‌ನ್ಯಾಗ ನಿಂತು ಹೋಗೀನಿ," ಎಂದಳು. "ಈಗ ಸಾರಿ ಅಂದ್ರ ಸೀಟ್ ಸಿಗತದೇನು?" ಹಾಗೆಂದವಳೇ ಕೀಲಿಗಾಗಿ ಇನ್ನೊಂದು ಕೈ ಚಾಚಿದಳು.

ಗ್ಯಾರೇಜಿನ ಗಲ್ಲಿಯಲ್ಲಿ ಕಾರು ಎರಡು ಸಲ ಬಂದ್ ಬಿತ್ತು. ನನ್ನ ಬಾಯಿ ಎರಡು ಸಲವೂ ತೆರೆಯಿತು, ಎರಡು ಸಲವೂ ಡ್ಯಾಶ್‌ಬೋರ್ಡ್ ಮೇಲೆ ಕೂತ ರಬ್ಬರನ್ನು ಕಂಡು ಮುಚ್ಚಿತು. ಅದು ಈಗಲೂ ಅಲ್ಲೇ ಇದೆ, ಗಣಪತಿಯ ಪಕ್ಕದಲ್ಲಿ. ಶನಿವಾರ ಭಜನೆಗೆ ಈಗ ಮತ್ತೆ ಕಾರೇ: ಆ ಮೂವರು ಹೆಂಗಸರಿಗೆ ಹಿಂದಿನ ಸೀಟು, ನನಗೆ ಮುಂದೆ ಎಡಗಡೆಯದು. ಹೋದ ಶನಿವಾರ ಸಿಗ್ನಲ್ ಹತ್ತಿರ ಬಂದಂತೆ ನನ್ನ ಎಡಗಾಲು ತನಗೆ ತಾನೇ ಇಲ್ಲದ ಕ್ಲಚ್ಚನ್ನು ಒತ್ತಿ ಹಿಡಿದಿತ್ತು. ಹಿಂದೆ ಹಾಡು ನಡೆದಿತ್ತು. ಪದ್ಮಾ ರಸ್ತೆಯಿಂದ ಕಣ್ಣು ಕೀಳಲಿಲ್ಲ.

"ಕಾಲು ತಗೀರಿ," ಎಂದಳು.

ತೆಗೆದೆ.