ಗಂಟಿನ ಊಟ

ನನ್ನ ಚಿಕ್ಕಮ್ಮ ಕಾಕುವಿನ ಎದೆಯ ಗಂಟನ್ನು ಘಟಪ್ರಭಾದ ಆಸ್ಪತ್ರೆಯೊಂದರಲ್ಲಿ ತೆಗೆಯುತ್ತಾರೆಂದು ತಿಳಿದಾಗ ನಾನು ರಜೆ ಹಾಕಿ ಮಸಗುಪ್ಪಿಗೆ ಬಂದೆ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ದೂರದ ಊರಿನ ಪ್ರಯೋಗಾಲಯದಲ್ಲಿ ನಾನು ಕ್ಯಾನ್ಸರಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದೆ. ಮನೆಯವರಿಗೆ ಅಷ್ಟೇ ಗೊತ್ತಿತ್ತು. ಅಷ್ಟಕ್ಕೇ ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ಜೈನರ ನೇಮದಂತೆ ಸೂರ್ಯ ಇನ್ನೂ ಕಬ್ಬಿನ ಮೇಲಿರುವಾಗಲೇ ಉಂಡು ಮುಗಿಸಿದ ಕಾಕು, ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುತ್ತ, ನನ್ನ ಕೆಲಸ ಏನೆಂದು ಕೇಳಿದಳು. ಮೈಯೊಳಗಿನ ಪ್ರೋಟೀನು ಉದ್ದನೆಯ ಎಳೆಯಾಗಿ ಹುಟ್ಟುತ್ತದೆ, ಸರಿಯಾಗಿ ಮಡಚಿಕೊಂಡರೆ ಮಾತ್ರ ಕೆಲಸಕ್ಕೆ ಬರುತ್ತದೆ ಎಂದೆ. ಕೆಲವು ಮಡಿಕೆಗಳನ್ನು ತಿರುವಿಕೊಡಲು ಒಂದು ಕಿಣ್ವವಿದೆ. ಅದು ಎಲ್ಲರ ಮೈಯಲ್ಲೂ ಇದೆ. ಆದರೆ ಹೆಚ್ಚಾದರೆ, ಜೀವಕೋಶವನ್ನು ಒಡೆದು ಎರಡಾಗಿಸುವ ಪ್ರೋಟೀನುಗಳು ಸುಮ್ಮನಾಗುವುದೇ ಇಲ್ಲ. ಗಂಟು ಬೆಳೆಯುತ್ತದೆ. ಅದನ್ನು ತಡೆಯುವ ಔಷಧಿ ಉಂಟೇ ಎಂದಳು. ರೋಗಿಗೆ ಕೊಡುವಂಥದ್ದು ಇನ್ನೂ ಇಲ್ಲ ಎಂದೆ.

ಮತ್ತೆ ಇದನ್ನೆಲ್ಲ ಎಲ್ಲಿ ನೋಡುತ್ತೀ ಎಂದು ಕೇಳಿದಳು. ಎಂದೋ ತೀರಿಕೊಂಡ ಹೆಂಗಸೊಬ್ಬಳ ಗಂಟಿನಿಂದ ತೆಗೆದ ಜೀವಕೋಶಗಳನ್ನು ಬಾಟಲಿಯಲ್ಲಿ ಬೆಳೆಸುತ್ತೇವೆ ಎಂದೆ.

"ಅಕಿ ಸತ್ತಾಳ. ಅಕಿ ಗಂಟ ಬದಕೈತಿ?"

"ಹೌದು ಕಾಕು."

"ಏನ್ ತಿಂತೈತಿ ಅದು?"

ಕರುವಿನ ರಕ್ತದಿಂದ ತೆಗೆದ ತಿಳಿಯನ್ನು ಉಣಿಸುತ್ತೇವೆ ಎಂದು ಹೇಳಿದೆ. ಸೋಸಿದ ಬಟ್ಟೆಯಲ್ಲಿ ಸಿಕ್ಕ, ಕಣ್ಣಿಗೆ ಕಾಣದ ಜೀವಗಳನ್ನು ಬಾವಿಗೆ ಮರಳಿ ಬಿಡುವುದು ಕಾಕುವಿನ ರೂಢಿ. ಅವತ್ತು ಒದ್ದೆ ಬಟ್ಟೆ ಹಿಡಿದುಕೊಂಡೇ ನಿಂತಳು.

"ನನ್ನ ಗಂಟ ಯಾರಿಗೂ ಕೊಡಬ್ಯಾಡ ತಂಗಿ. ನನ್ನ ಹಿಂದ ಅದು ಬದಕೂದು ಬ್ಯಾಡ. ನನ್ನ ಜೋಡಿನ ಸುಡ್ರಿ."

ಮಾತು ಕೊಟ್ಟೆ.

ಗಂಟು ತೆಗೆದ ಮೇಲೆ ಪರೀಕ್ಷೆಗೆಂದು ಒಂದು ತುಣುಕನ್ನು ಮೇಣದಲ್ಲಿ ಹುದುಗಿಸಿದ್ದರು. ಉಳಿದದ್ದನ್ನು ಆಸ್ಪತ್ರೆಯವರೇ ಸುಟ್ಟಿದ್ದರು. ಪರೀಕ್ಷೆ ಮುಗಿದಾಗ ಆ ಮೇಣದ ಬಿಲ್ಲೆಯನ್ನು ಕೇಳಿ ತಂದೆ. ಇದರಲ್ಲಿ ಜೀವವಿಲ್ಲ ಎಂದೆ. ಕಾಕು ಅದನ್ನು ಬೆಳಕಿಗೆ ಹಿಡಿದು ನೋಡಿ, ಟ್ರಂಕಿನ ಸೀರೆಗಳ ನಡುವೆ ಇಟ್ಟಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಮರುವರ್ಷ ರೋಗ ಬೆನ್ನುಮೂಳೆಗೆ ಇಳಿಯಿತು. ಒಳಗೆ ಏನು ನಡೆಯುತ್ತಿದೆಯೆಂದು ನಾನು ಚಿತ್ರ ಬರೆದು ತೋರಿಸಬಲ್ಲವಳಾಗಿದ್ದೆ. ನೋವಿನ ಗುಳಿಗೆಯನ್ನು ರಾತ್ರಿ ಹಾಲಿನ ಜೊತೆಗಾದರೂ ತೆಗೆದುಕೋ ಎಂದು ಅವಳ ಗಂಡ ಕಾಕಾ ಬೇಡಿಕೊಂಡರು. ಕಾಕು ಬಾಯಿ ತೆರೆಯಲಿಲ್ಲ. ಬೆಳಿಗ್ಗೆ ಅಂದಳು:

"ಹೊತ್ತ ಮುಣಗಿದ ಮ್ಯಾಲ ಒಂದ ಅಗಳ ತಿಂದಾಕಿ ಅಲ್ಲ ನಾ. ಇದ ನೋಡ, ರಾತ್ರಿ ಹಗಲ ನನ್ನ ತಿನ್ನಾಕತ್ತೈತಿ. ಯಾ ಧರ್ಮದ್ದೋ ಏನೋ."

ಕಾಕಾ ನಕ್ಕರು. ನಗುತ್ತಲೇ ಎದ್ದು ಹೊರಗೆ ಹೋದರು.

ಮಳೆಗಾಲ ಮುಗಿಯುವ ಮೊದಲೇ ಅವಳು ಹೋದಳು. ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಟ್ರಂಕಿನಿಂದ ಬಿಲ್ಲೆ ತೆಗೆದು ಕಾಕಾನ ಕೈಗೆ ಕೊಟ್ಟೆ. ಅವರು ಸ್ಮಶಾನದಿಂದ ತಿರುಗಿ ಬಂದು ಸ್ನಾನ ಮಾಡಿದ ಮೇಲೆ, "ಎದಿ ಮ್ಯಾಲ ಇಟ್ಟೆ" ಎಂದರು.

ನಾನು ಪ್ರಯೋಗಾಲಯಕ್ಕೆ ಮರಳಿದಾಗ ಆ ಇನ್ನೊಬ್ಬ ಹೆಂಗಸಿನ ಜೀವಕೋಶಗಳು ಬಾಟಲಿಯ ತಳ ತುಂಬಿಕೊಂಡಿದ್ದವು. ಅವಳನ್ನು ಸುಟ್ಟಿದ್ದರೋ ಹೂಳಿದ್ದರೋ ನನಗೆ ಗೊತ್ತಿಲ್ಲ. ಉಣಿಸುವ ಹೊತ್ತು ಮೀರಿತ್ತು. ಹಳೆಯ ದ್ರವ ಚೆಲ್ಲಿ, ಹೊಸದಕ್ಕೆ ಕರುವಿನ ರಕ್ತದ ತಿಳಿ ಬೆರೆಸಿ ಹಾಕಿದೆ.